ಅಮ್ಮನ ಮೂಳೆ ಮತ್ತು ಶೇಕಡಾ ಮೂರರ ಗೆರೆ

ನ್ಯೂಜೆರ್ಸಿಯ ಒಂದು ಚಿಕಿತ್ಸಾಲಯದಲ್ಲಿ ತಾಯಿ ಮತ್ತು ಮಗಳು ವೈದ್ಯರೆದುರು ಕುಳಿತಿದ್ದಾರೆಂದು ಊಹಿಸಿಕೊಳ್ಳಬಹುದು. ತಾಯಿಗೆ 68 ವರ್ಷ. ಶಿವಮೊಗ್ಗದ ಶಾಲೆಯೊಂದರಲ್ಲಿ ಮೇಡಂ ಆಗಿದ್ದು, ನಿವೃತ್ತಿಯ ನಂತರ ಮಗಳ ಸಂಸಾರದೊಂದಿಗೆ ನೆಲೆಸಿದವರು. ಅವರ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಆ ನೆನಪೇ ಮಗಳನ್ನು ಇಲ್ಲಿಗೆ ಕರೆತಂದಿದೆ. ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್ ಆಗಿದೆ, ಟಿ-ಸ್ಕೋರ್ −2.1. ವೈದ್ಯರು ವಯಸ್ಸು, ಎತ್ತರ, ತೂಕ, ತಾಯಿಯ ಮುರಿತ, ಸ್ಟೆರಾಯ್ಡ್, ಧೂಮಪಾನ ಎಲ್ಲವನ್ನೂ ಕೇಳಿ ಫ್ರಾಕ್ಸ್ ಎಂಬ ಗಣಕಕ್ಕೆ ಉಣಿಸುತ್ತಾರೆ. ಪರದೆಯ ಮೇಲೆ 2.8 ಎಂದು ಮೂಡುತ್ತದೆ. ಮುಂದಿನ ಹತ್ತು ವರ್ಷಗಳಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಶೇ. 2.8. ಮೂರು ದಾಟಿಲ್ಲ, ಆದ್ದರಿಂದ ಈಗಲೇ ಔಷಧಿ ಬೇಡ ಎಂಬ ತೀರ್ಮಾನ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕಾರಿನಲ್ಲಿ ತಾಯಿ ಕೇಳುತ್ತಾರೆ: ‘ಮೂರು ಆದ್ಮೇಲೆ ಏನಾಗತ್ತಂತೆ ಕಣೇ?’ ಮಗಳ ಬಳಿ ಉತ್ತರವಿಲ್ಲ. ಬಹುಶಃ ವೈದ್ಯರ ಬಳಿಯೂ ಇದ್ದಿರಲಾರದು.

ಮೂರು ಆದ ಮೇಲೆ ಮೂಳೆಗೆ ಏನೂ ಆಗುವುದಿಲ್ಲ. 2.9ಕ್ಕೂ 3.1ಕ್ಕೂ ನಡುವೆ ದೇಹದಲ್ಲಿ ಯಾವ ಹೊಸ್ತಿಲೂ ಇಲ್ಲ. ಆ ಗೆರೆ ಎಳೆದದ್ದು ಶರೀರಶಾಸ್ತ್ರವಲ್ಲ, ಲೆಕ್ಕಪತ್ರ. 2008ರಲ್ಲಿ ಅನ್ನಾ ಟೋಸ್ಟೆಸನ್ ಮತ್ತು ಸಂಗಡಿಗರು ಅಮೆರಿಕದ ಪರಿಸ್ಥಿತಿಗೆ ಒಂದು ಗಣಿತ ಮಾಡಿದರು. ಔಷಧಕ್ಕೆ ವರ್ಷಕ್ಕೆ 600 ಡಾಲರ್ ಖರ್ಚು, ಐದು ವರ್ಷದ ಚಿಕಿತ್ಸೆ, ಅದರಿಂದ ಮುರಿತಗಳಲ್ಲಿ ಶೇ. 35ರಷ್ಟು ಇಳಿಕೆ, ಒಂದು ವರ್ಷದ ಪೂರ್ಣ ಆರೋಗ್ಯದ ಬದುಕಿಗೆ ಸಮಾಜ 60,000 ಡಾಲರ್ ತನಕ ತೆರಲು ಸಿದ್ಧ: ಇವು ಅವರ ಊಹೆಗಳು. ಇಷ್ಟನ್ನು ಒಪ್ಪಿದರೆ, ಹತ್ತು ವರ್ಷದ ಸೊಂಟ ಮುರಿತದ ಸಂಭವ ಸುಮಾರು ಶೇ. 3 ಮುಟ್ಟಿದಾಗ ಔಷಧ ಕೊಡುವುದು ಖರ್ಚಿಗೆ ತಕ್ಕ ಫಲ ನೀಡುತ್ತದೆ ಎಂಬುದು ಅವರ ಉತ್ತರ. ಅದೇ ವರ್ಷ ಅಮೆರಿಕದ ನ್ಯಾಷನಲ್ ಆಸ್ಟಿಯೊಪೊರೋಸಿಸ್ ಫೌಂಡೇಶನ್ ತನ್ನ ಮಾರ್ಗಸೂಚಿಯಲ್ಲಿ ಆ ಮೂರನ್ನು ಸೇರಿಸಿತು. ಮಾರ್ಗಸೂಚಿಯಿಂದ ಅದು ಪಠ್ಯಪುಸ್ತಕಕ್ಕೆ, ಪಠ್ಯಪುಸ್ತಕದಿಂದ ಗಣಕದ ಪರದೆಗೆ, ಪರದೆಯಿಂದ ದೇಶದೇಶಗಳ ವೈದ್ಯರ ಬಾಯಿಗೆ ಬಂತು. ಹಾದಿಯಲ್ಲಿ ಡಾಲರ್ ಉದುರಿಹೋಗಿ ಸಂಖ್ಯೆ ಮಾತ್ರ ಉಳಿಯಿತು.

ಸ್ವಾರಸ್ಯವೆಂದರೆ, ಅಲೆಂಡ್ರೊನೇಟ್ ಎಂಬ ಮುಖ್ಯ ಮಾತ್ರೆಯ ಪೇಟೆಂಟ್ ಅಮೆರಿಕದಲ್ಲಿ ಮುಗಿದದ್ದೂ ಅದೇ 2008ರ ಫೆಬ್ರುವರಿಯಲ್ಲಿ. ಜೆನೆರಿಕ್ ಮಾತ್ರೆಗಳು ಬಂದು ಬೆಲೆ ಕುಸಿಯಿತು. 600 ಡಾಲರಿನ ಊಹೆ ಕರಗುತ್ತಿದ್ದಾಗಲೇ ಅದರ ಮೇಲೆ ನಿಂತ ಗೆರೆ ಶಿಲಾಶಾಸನವಾಯಿತು.

ಅಸ್ಥಿರಂಧ್ರತೆ, ಅಂದರೆ ಆಸ್ಟಿಯೊಪೊರೋಸಿಸ್, ಪ್ರಗತಿಪರ ಬರಹಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುವ ವಿಷಯವಲ್ಲ. ಅದು ಸದ್ದಿಲ್ಲದ ಕಾಯಿಲೆ, ಮುದುಕಿಯರ ಕಾಯಿಲೆ. ಆದರೂ ಆರೋಗ್ಯದ ರಾಜಕೀಯವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಇಲ್ಲಿ ರೋಗವೆಂದರೆ ಇನ್ನೂ ಆಗದ ಅಪಘಾತದ ಸಂಭವ. ಚಿಕಿತ್ಸೆಯೆಂದರೆ, ಬಹುಪಾಲು ಜನರಿಗೆ ಎಂದೂ ಆಗದಿದ್ದ ಮುರಿತವನ್ನು ತಡೆಯಲು ಅವರೆಲ್ಲರೂ ನುಂಗುವ ಮಾತ್ರೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬ ಪ್ರಶ್ನೆ ಇಲ್ಲಿ ತಪ್ಪಿಸಿಕೊಳ್ಳಲಾಗದ್ದು. ಆ ಪ್ರಶ್ನೆಯಲ್ಲಿ ಹಣ ಮೊದಲಿನಿಂದಲೂ ಇದೆ.

ಒಂದು ಚಿಕ್ಕ ಲೆಕ್ಕ ಮಾಡಬಹುದು. 1996ರಲ್ಲಿ ಪ್ರಕಟವಾದ ಫ್ರಾಕ್ಚರ್ ಇಂಟರ್ವೆನ್ಷನ್ ಟ್ರಯಲ್‌ನಲ್ಲಿ ಈಗಾಗಲೇ ಬೆನ್ನುಮೂಳೆ ಕುಸಿದಿದ್ದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಮೂರು ವರ್ಷಗಳಲ್ಲಿ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ. 2.2 ಮಂದಿಗೆ ಸೊಂಟ ಮುರಿಯಿತು. ಅಲೆಂಡ್ರೊನೇಟ್ ತೆಗೆದುಕೊಂಡವರಲ್ಲಿ ಶೇ. 1.1 ಮಂದಿಗೆ. ಕಂಪನಿಯ ಪ್ರತಿನಿಧಿ ಇದನ್ನು ‘ಅರ್ಧಕ್ಕರ್ಧ ಇಳಿಕೆ’ ಎನ್ನುತ್ತಾನೆ, ಅದು ಸುಳ್ಳಲ್ಲ. ಇನ್ನೊಬ್ಬರು ‘ಸಾವಿರ ಜನರಲ್ಲಿ 11 ಜನರಿಗೆ ಉಪಯೋಗ’ ಎನ್ನಬಹುದು, ಅದೂ ಸುಳ್ಳಲ್ಲ. ಈಗ ಅಂಥ ಸಾವಿರ ಮಹಿಳೆಯರಿಗೆ ಮೂರು ವರ್ಷ ಮಾತ್ರೆ ಕೊಡುವುದೆಂದು ಇಟ್ಟುಕೊಂಡರೆ, ಮಾತ್ರೆಗೆ ವರ್ಷಕ್ಕೆ 300 ಪೌಂಡ್ ಆದಾಗ ಒಟ್ಟು ಖರ್ಚು ಒಂಬತ್ತು ಲಕ್ಷ ಪೌಂಡ್, ತಡೆದ ಪ್ರತಿ ಸೊಂಟ ಮುರಿತಕ್ಕೆ ಸುಮಾರು 82,000. ಅದೇ ಮಾತ್ರೆ ವರ್ಷಕ್ಕೆ 12 ಪೌಂಡಿಗೆ ಸಿಕ್ಕರೆ ಒಟ್ಟು 36,000, ಪ್ರತಿ ಮುರಿತಕ್ಕೆ ಸುಮಾರು 3,300. ಎರಡನೆಯದು ಒಂದು ಸೊಂಟದ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆವಾಸದ ಖರ್ಚಿಗಿಂತ ಎಷ್ಟೋ ಕಡಿಮೆ. ಬೆನ್ನುಮೂಳೆ, ಮಣಿಕಟ್ಟುಗಳ ಮುರಿತ ತಪ್ಪಿದ್ದನ್ನು ಇಲ್ಲಿ ಎಣಿಸಿಯೇ ಇಲ್ಲ. ವೈದ್ಯರ ಭೇಟಿಯ, ಸ್ಕ್ಯಾನಿನ ಖರ್ಚನ್ನೂ ಸೇರಿಸಿಲ್ಲ. ಆದರೂ ವಿಷಯ ಸ್ಪಷ್ಟ: ಮಹಿಳೆಯರು ಅವರೇ, ಮೂಳೆ ಅದೇ, ರಾಸಾಯನಿಕ ಅದೇ. ಬದಲಾದದ್ದು ಪೇಟೆಂಟಿನ ದಿನಾಂಕ ಒಂದೇ.

ಕಾಸಿಗೆ ತಕ್ಕ ಕಜ್ಜಾಯ ಎನ್ನುವಾಗ ಕಜ್ಜಾಯದ ಬೆಲೆ ಕಟ್ಟುವವರು ಯಾರು ಎಂದು ಕೇಳದಿದ್ದರೆ ಗಾದೆ ಅರ್ಧವೇ ಅರ್ಥವಾದಂತೆ.

ಈ ಲೆಕ್ಕವನ್ನು ಬಹಿರಂಗವಾಗಿ, ಕಾನೂನಿನ ಬಲದೊಂದಿಗೆ ಮಾಡುವ ಸಂಸ್ಥೆಯೆಂದರೆ ಬ್ರಿಟನ್ನಿನ ನೈಸ್. 1999ರಲ್ಲಿ ಆರಂಭವಾದ ಈ ಸಂಸ್ಥೆ, ಎನ್‌ಎಚ್‌ಎಸ್ ಯಾವ ಔಷಧಕ್ಕೆ ಹಣ ತೆರಬೇಕೆಂಬುದನ್ನು ಕ್ವಾಲಿ ಎಂಬ ಮಾನದಿಂದ ಅಳೆಯುತ್ತದೆ. ಒಂದು ಕ್ವಾಲಿ ಎಂದರೆ ಪೂರ್ಣ ಆರೋಗ್ಯದ ಒಂದು ವರ್ಷ. ಅರ್ಧ ಆರೋಗ್ಯದಲ್ಲಿ ಬದುಕಿದ ಎರಡು ವರ್ಷವೂ ಒಂದೇ ಕ್ವಾಲಿ. ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಒಳಗೆ ಬಿದ್ದರೆ ಔಷಧಕ್ಕೆ ಒಪ್ಪಿಗೆ ಸಾಮಾನ್ಯ; ಹಲವು ವರ್ಷ ಇದೇ ರೂಢಿ. ಈ ಮಾನದ ಹೆಸರು ಕೇಳಿದೊಡನೆ ಅನೇಕ ಪ್ರಗತಿಪರರಿಗೆ ಮೈ ಉರಿಯುತ್ತದೆ. ಮನುಷ್ಯನ ಬದುಕಿಗೆ ದರಪಟ್ಟಿಯೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಅಂಗವಿಕಲರ ಹಕ್ಕಿನ ಚಳವಳಿಗಳು ಎತ್ತಿದ ಆಕ್ಷೇಪ ಇನ್ನೂ ತೀಕ್ಷ್ಣ: ಮೊದಲೇ ‘ಕಡಿಮೆ ಆರೋಗ್ಯ’ ಎಂದು ಗುರುತಿಸಲಾದವರ ವರ್ಷವನ್ನು ಉಳಿಸಿದರೆ ಈ ಲೆಕ್ಕದಲ್ಲಿ ಸಿಗುವ ಅಂಕವೂ ಕಡಿಮೆ. ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನಕರ ಉತ್ತರ ಯಾರಲ್ಲೂ ಇಲ್ಲ.

ಆದರೆ ‘ಬೆಲೆ ಕಟ್ಟಲೇಬಾರದು’ ಎಂಬ ನಿಲುವು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಅಮೆರಿಕ ತೋರಿಸಿದೆ. 2010ರ ಅಫೋರ್ಡಬಲ್ ಕೇರ್ ಕಾಯ್ದೆ, ಸರ್ಕಾರಿ ಧನಸಹಾಯದ ಸಂಶೋಧನಾ ಸಂಸ್ಥೆಯು ಕ್ವಾಲಿಗೆ ಇಷ್ಟು ಡಾಲರ್ ಎಂಬ ಮಿತಿಯನ್ನು ಬಳಸುವುದನ್ನು ನಿಷೇಧಿಸಿತು. ಮೆಡಿಕೇರ್ ಕೂಡ ಅದನ್ನು ಬಳಸುವಂತಿಲ್ಲ. ಎಷ್ಟು ಉದಾತ್ತ! ಅದಕ್ಕೆ ಎರಡೇ ವರ್ಷ ಮೊದಲು ಕ್ವಾಲಿಗೆ 60,000 ಡಾಲರ್ ಎಂಬ ಮಿತಿ ಶೇ. 3ರ ವೇಷದಲ್ಲಿ ಅಸ್ಥಿರಂಧ್ರತೆಯ ಮಾರ್ಗಸೂಚಿಯೊಳಗೆ ಕುಳಿತಾಗಿತ್ತು. ಶಾಸನಸಭೆ ಮುಂಬಾಗಿಲಲ್ಲಿ ಅಡ್ಡಗಟ್ಟಿದ ಅತಿಥಿ ಹಿತ್ತಲಿನಿಂದ ಬಂದು ಊಟಕ್ಕೆ ಕುಳಿತಿದ್ದ. ಅತ್ತ, 2019ರಲ್ಲಿ ರೊಮೊಸೊಜುಮ್ಯಾಬ್ ಎಂಬ ಹೊಸ ಚುಚ್ಚುಮದ್ದು ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಘೋಷಿತ ಬೆಲೆ ತಿಂಗಳಿಗೆ 1,825 ಡಾಲರ್. ಹನ್ನೆರಡು ತಿಂಗಳಿಗೆ 21,900. ಆ ಬೆಲೆ ತಕ್ಕದ್ದೇ ಎಂದು ಸಾರ್ವಜನಿಕರ ಪರವಾಗಿ ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಕೇಳಿದ್ದು ವಿಮಾ ಕಂಪನಿಗಳು, ತಮ್ಮ ಪರವಾಗಿ. ಉತ್ತರ ಸಿಕ್ಕಿದ್ದು ರೋಗಿಗೆ, ನಿರಾಕರಣೆಯ ಪತ್ರದ ರೂಪದಲ್ಲಿ. ಪಡಿತರ ಎರಡೂ ಕಡೆ ಇದೆ. ಒಂದು ಕಡೆ ಅಂಗಡಿಯ ಮುಂದೆ ಫಲಕ ಹಾಕಿದ್ದಾರೆ, ಇನ್ನೊಂದು ಕಡೆ ಹಾಕಿಲ್ಲ.

ಹಾಗೆಂದು ಫಲಕ ಹಾಕಿದವರೆಲ್ಲ ಧರ್ಮರಾಯರೆಂದಲ್ಲ. 2008ರ ಅಕ್ಟೋಬರಿನಲ್ಲಿ ನೈಸ್ ಹೊರಡಿಸಿದ ಅಸ್ಥಿರಂಧ್ರತೆಯ ಮಾರ್ಗದರ್ಶನ ಲೆಕ್ಕದ ತರ್ಕ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ. ಮೊದಲ ಮಾತ್ರೆ ಅಲೆಂಡ್ರೊನೇಟ್, ಏಕೆಂದರೆ ಅದು ಅಗ್ಗ. ಆದರೆ ಅದನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ, ಕುಡಿಯದೆ ಇರಬೇಕು. ವಾರಕ್ಕೊಮ್ಮೆಯಾದರೂ ಎದ್ದೊಡನೆ ಕಾಫಿ ಬೇಕೆನ್ನುವ ಮನೆಯಲ್ಲಿ ಇದು ಸಣ್ಣ ಕಟ್ಟಳೆಯಲ್ಲ. ಅದಿರಲಿ, ಅನ್ನನಾಳ ಉರಿದು ಮಾತ್ರೆಯನ್ನು ಸಹಿಸಲಾಗದವರು ಅನೇಕರು. ಅವರಿಗೆ ಮುಂದಿನ ಔಷಧಗಳು ಹೆಚ್ಚು ದುಬಾರಿ. ದುಬಾರಿಯಾದ್ದರಿಂದ ಅವು ‘ಖರ್ಚಿಗೆ ತಕ್ಕ’ವಾಗಲು ಮುರಿತದ ಸಂಭವ ಇನ್ನೂ ಹೆಚ್ಚಿರಬೇಕು. ಆದ್ದರಿಂದ ಮಾರ್ಗದರ್ಶನದ ಕೋಷ್ಟಕ ಹೀಗೆ ಹೇಳಿತು: −2.5ರ ಟಿ-ಸ್ಕೋರಿನಲ್ಲಿ ಮೊದಲ ಮಾತ್ರೆಗೆ ಅರ್ಹಳಾದ ಮಹಿಳೆ, ಅದು ಮೈಗೆ ಒಗ್ಗದಿದ್ದರೆ, ಎರಡನೆಯದಕ್ಕೆ ಅರ್ಹಳಾಗಲು ತನ್ನ ವಯಸ್ಸು ಮತ್ತು ಇತರ ಅಪಾಯಗಳಿಗೆ ಅನುಗುಣವಾಗಿ −3.0 ಅಥವಾ −3.5ರ ತನಕ ಇಳಿಯಬೇಕು. ಅಂದರೆ ಹೊಟ್ಟೆಗೆ ಆಗದ ಮಾತ್ರೆಯ ಶಿಕ್ಷೆಯಾಗಿ ಮೂಳೆ ಇನ್ನಷ್ಟು ಸವೆಯುವ ತನಕ ಕಾಯಬೇಕು. ರೋಗಿಗಳ ಸಂಘಟನೆಗಳೂ ಹಲವು ತಜ್ಞರೂ ಇದನ್ನು ಪ್ರಶ್ನಿಸಿದರು. ಗಣಿತದಲ್ಲಿ ತಪ್ಪಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಪ್ರತಿ ಔಷಧವನ್ನೂ ಪ್ರತ್ಯೇಕವಾಗಿ ತೂಗಿದಾಗ ಬರುವ ಉತ್ತರವೇ ಅದು. ತಪ್ಪಿದ್ದದ್ದು, ಒಂದು ಜನಸಮೂಹಕ್ಕೆ ಕೇಳಿದ ಪ್ರಶ್ನೆಯ ಉತ್ತರವನ್ನು ಚಿಕಿತ್ಸಾಲಯದಲ್ಲಿ ಕುಳಿತ ಒಬ್ಬ ಮಹಿಳೆಯ ಕೈಗೆ ಹಾಗೆಯೇ ಕೊಟ್ಟಾಗ. ಆಕೆಯ ಅಪಾಯ ನಿನ್ನೆಗಿಂತ ಇಂದು ಕಡಿಮೆಯಾಗಿರಲಿಲ್ಲ.

ಒಂಬತ್ತು ವರ್ಷದ ನಂತರ ಲೋಲಕ ಇನ್ನೊಂದು ತುದಿಗೆ ಹೋಯಿತು. 2017ರ ಮಾರ್ಗದರ್ಶನದ ವೇಳೆಗೆ ಮಾತ್ರೆಗಳು ಎಷ್ಟು ಅಗ್ಗವಾಗಿದ್ದವೆಂದರೆ, ಹತ್ತು ವರ್ಷದ ಮುರಿತದ ಸಂಭವ ಶೇ. 1 ಇದ್ದರೂ ಸಾಕು, ಕೊಡುವುದು ಲಾಭದಾಯಕವೇ ಎಂದು ಲೆಕ್ಕ ಹೇಳಿತು. ಇಂಗ್ಲೆಂಡಿನಲ್ಲಿ 65 ದಾಟಿದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಆ ಗೆರೆಯ ಆಚೆಗಿದ್ದಾರೆ. ಹಾಗಾದರೆ ಎಲ್ಲರಿಗೂ ಕೊಡುವುದೇ? ಬಿಸ್ಫಾಸ್ಫೊನೇಟುಗಳಿಗೆ ಅಪರೂಪದ್ದಾದರೂ ಗಂಭೀರವಾದ ಅಡ್ಡಪರಿಣಾಮಗಳಿವೆ: ದವಡೆಯ ಮೂಳೆ ಸಾಯುವುದು, ದೀರ್ಘಕಾಲ ಬಳಸಿದವರಲ್ಲಿ ತೊಡೆಮೂಳೆ ವಿಚಿತ್ರವಾಗಿ ಬಿರಿಯುವುದು. ಮುರಿತದ ಅಪಾಯ ಹೆಚ್ಚಿರುವವರಿಗೆ ಈ ಬೆಲೆ ತೆರುವುದು ಸರಿ. ಅಪಾಯವೇ ಇಲ್ಲದವರಿಗೆ ಅಲ್ಲ. ಕೊನೆಗೆ ಇದು ಖರ್ಚಿನ ಗೆರೆಯೇ ಹೊರತು ಚಿಕಿತ್ಸೆಯ ಗೆರೆಯಲ್ಲ, ಯಾರಿಗೆ ಕೊಡಬೇಕೆಂಬುದಕ್ಕೆ ವೈದ್ಯಕೀಯ ಮಾರ್ಗಸೂಚಿಗಳನ್ನು ನೋಡಬೇಕು ಎಂಬ ವಿವರಣೆ ಬೇಕಾಯಿತು. 2008ರಲ್ಲಿ ಲೆಕ್ಕ ಬೇಕಾದವರನ್ನು ಹೊರಗಿಟ್ಟಿತು, 2017ರಲ್ಲಿ ಬೇಡದವರನ್ನೂ ಒಳಗೆ ಕರೆಯಿತು. ಎರಡೂ ಸಲ ಅದು ಉತ್ತರಿಸಿದ್ದು ಖಜಾನೆಯ ಪ್ರಶ್ನೆಗೆ.

‘ಈ ರೋಗಿಗೆ ಈ ಚಿಕಿತ್ಸೆ ಖರ್ಚಿಗೆ ತಕ್ಕದ್ದೇ’ ಎಂಬ ವಾಕ್ಯದಲ್ಲೇ ಒಂದು ತೊಡಕಿದೆ. ಖರ್ಚಿಗೆ ತಕ್ಕ ಫಲ ಎಂಬುದು ನೀತಿಯೊಂದರ ಗುಣ, ವ್ಯಕ್ತಿಯದಲ್ಲ. ಒಬ್ಬ ತಾಯಿಯ ಸೊಂಟ ಶೇ. 2.8ರಷ್ಟು ಮುರಿಯುವುದಿಲ್ಲ. ಮುರಿಯುತ್ತದೆ, ಇಲ್ಲವೇ ಮುರಿಯುವುದಿಲ್ಲ. ಸರ್ಕಾರ ಸಾವಿರ ಜನರನ್ನು ನೋಡಿ ತೀರ್ಮಾನಿಸಬೇಕು, ಅದು ಅದರ ಧರ್ಮ. ವೈದ್ಯರು ಎದುರಿಗಿರುವ ಒಬ್ಬರನ್ನು ನೋಡಬೇಕು. ಫ್ರಾಕ್ಸ್ ತನ್ನ ಮೂಲ ರೂಪದಲ್ಲಿ, ಆಕೆ ಕಳೆದ ವರ್ಷ ಎಷ್ಟು ಸಲ ಬಿದ್ದಳೆಂದು ಕೇಳುವುದಿಲ್ಲ. ಹಿಂದೆ ಒಂದು ಮುರಿತವಾಗಿದೆಯೋ ನಾಲ್ಕೋ ಎಂಬುದೂ ಅದಕ್ಕೆ ಒಂದೇ. ಬಚ್ಚಲಿನ ಹೆಂಚು ಜಾರುತ್ತದೆಯೇ, ಕಣ್ಣಿನ ಪೊರೆ ಬೆಳೆದಿದೆಯೇ, ರಕ್ತದೊತ್ತಡದ ಮಾತ್ರೆಯಿಂದ ತಲೆ ತಿರುಗುತ್ತದೆಯೇ ಎಂದು ಕೇಳಿದರೆ ಗಣಕಕ್ಕೆ ಗೊತ್ತಾಗದ್ದು ವೈದ್ಯರಿಗೆ ಗೊತ್ತಾದೀತು. ಅದಕ್ಕೆ ಹದಿನೈದು ನಿಮಿಷ ಬೇಕು. ಹದಿನೈದು ನಿಮಿಷಕ್ಕೆ ಹಣ ಕೊಡಲು ಮಾತ್ರ ಯಾವ ವ್ಯವಸ್ಥೆಯೂ ಸಿದ್ಧವಿಲ್ಲ.

ಗಣಕವನ್ನು ಕಟ್ಟಿದ ಸಾಮಗ್ರಿ ಯಾರದು ಎಂಬ ಪ್ರಶ್ನೆ ವಲಸಿಗರಿಗೆ ಹೆಚ್ಚು ಹತ್ತಿರದ್ದು. ಟಿ-ಸ್ಕೋರ್ ಎಂಬುದು ಹೋಲಿಕೆಯ ಅಂಕ. ಸೊಂಟದ ಅಳತೆಗೆ ಸಾಮಾನ್ಯವಾಗಿ ಹೋಲಿಸುವುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಅಳೆದ 20ರಿಂದ 29 ವಯಸ್ಸಿನ ಬಿಳಿಯ ಮಹಿಳೆಯರ ಮೂಳೆಯೊಂದಿಗೆ. ಸ್ಕ್ಯಾನ್ ಮೂಳೆಯ ಆಳವನ್ನು ಕಾಣದೆ ನೆರಳಿನ ವಿಸ್ತೀರ್ಣವನ್ನಷ್ಟೇ ಅಳೆಯುವುದರಿಂದ, ಸಣ್ಣ ಚೌಕಟ್ಟಿನ ಮೂಳೆ ಇರುವುದಕ್ಕಿಂತ ತೆಳುವಾಗಿ ತೋರುತ್ತದೆ. ಐದು ಅಡಿಯ ಕನ್ನಡತಿ ಈ ಪರೀಕ್ಷೆಯಲ್ಲಿ ತಾನಿರುವುದಕ್ಕಿಂತ ರೋಗಿಷ್ಠಳಾಗಿ ಕಾಣಬಹುದು. ಇತ್ತ ಅಮೆರಿಕದ ಫ್ರಾಕ್ಸ್‌ನಲ್ಲಿ ನಾಲ್ಕು ಜನಾಂಗೀಯ ಆವೃತ್ತಿಗಳು: ಬಿಳಿಯರು, ಕರಿಯರು, ಹಿಸ್ಪಾನಿಕರು, ಏಷ್ಯನ್ನರು. ‘ಏಷ್ಯನ್’ ಎಂದು ಗುರುತಿಸಿದೊಡನೆ ಸಂಭವ ಕೆಳಗಿಳಿಯುತ್ತದೆ. ಮೊದಲ ಪ್ಯಾರಾದ ತಾಯಿಯ 2.8, ಬೇರೆ ಆವೃತ್ತಿ ಒತ್ತಿದ್ದರೆ ಮೂರನ್ನು ದಾಟುತ್ತಿತ್ತು. ಒಂದು ಯಂತ್ರ ಆಕೆಯನ್ನು ಹೆಚ್ಚು ರೋಗಿಯಾಗಿಸುತ್ತದೆ, ಇನ್ನೊಂದು ಔಷಧಕ್ಕೆ ಅನರ್ಹಳಾಗಿಸುತ್ತದೆ. ಟೋಕಿಯೊ, ಮನಿಲಾ, ಶಿವಮೊಗ್ಗಗಳ ಮೂಳೆಗಳು ಒಂದೇ ಎಂಬ ‘ಏಷ್ಯನ್’ ಎಂಬ ಪದ ಯಾವ ಜೀವಶಾಸ್ತ್ರದ್ದು? 2024ರಲ್ಲಿ ಅಮೆರಿಕದ ಅಸ್ಥಿಸಂಶೋಧಕರ ಸಂಘದ ಕಾರ್ಯಪಡೆಯೇ ಜನಾಂಗದ ಈ ವಿಂಗಡಣೆ ಬೇಡವೆಂದು ಸಲಹೆ ನೀಡಿತು. ಬ್ರಿಟನ್ನಿನ ಕ್ಯೂಫ್ರಾಕ್ಚರ್ ಎಂಬ ಇನ್ನೊಂದು ಗಣಕ ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿ ಎಂದು ಇನ್ನೂ ಸೂಕ್ಷ್ಮವಾಗಿ ಕೇಳುತ್ತದೆ; ಅದರ ಸೂತ್ರ ಬಹಿರಂಗವಾಗಿದೆ ಎಂಬುದಾದರೂ ಸಮಾಧಾನ. ಷೆಫೀಲ್ಡ್‌ನಲ್ಲಿ ಹುಟ್ಟಿ 2008ರಿಂದ ಲೋಕವೆಲ್ಲ ಬಳಸುತ್ತಿರುವ ಫ್ರಾಕ್ಸ್‌ನ ಪೂರ್ಣ ಸೂತ್ರ ಪ್ರಕಟವಾಗಿಲ್ಲ.

ಮುಚ್ಚಿಟ್ಟ ಸೂತ್ರದ ಪ್ರಶ್ನೆ ಕೇವಲ ತತ್ತ್ವದ್ದಲ್ಲ. ಸ್ಟ್ರಾನ್ಷಿಯಂ ರಾನೆಲೇಟ್ ಎಂಬ ಔಷಧ ತಯಾರಿಸುತ್ತಿದ್ದ ಫ್ರಾನ್ಸಿನ ಸರ್ವಿಯೆ ಕಂಪನಿ ನೈಸ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಸೊಂಟ ಮುರಿತ ತಡೆಯುವ ಬಗ್ಗೆ ಕಂಪನಿ ನೀಡಿದ ಒಂದು ಉಪಗುಂಪಿನ ಮಾಹಿತಿಯನ್ನು ಯುರೋಪಿನ ನಿಯಂತ್ರಕರು ಒಪ್ಪಿದ್ದರೂ ನೈಸ್ ತಳ್ಳಿಹಾಕಿತ್ತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ತಳ್ಳಿಹಾಕಿದ್ದಕ್ಕೆ ತಕ್ಕ ಕಾರಣ ಕೊಟ್ಟಿಲ್ಲವೆಂದು ಕಂಪನಿಯ ಪರ ತೀರ್ಪಿತ್ತಿತು. ಸಾರ್ವಜನಿಕ ಸಂಸ್ಥೆ ತನ್ನ ಲೆಕ್ಕಕ್ಕೆ ಕಾರಣ ಹೇಳಬೇಕು. ಈ ತತ್ತ್ವದೊಂದಿಗೆ ಯಾವ ಪ್ರಜಾಪ್ರಭುತ್ವವಾದಿಗೂ ಜಗಳವಿರಲಾರದು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಔಷಧದಿಂದ ಹೃದಯಾಘಾತದ ಅಪಾಯ ಹೆಚ್ಚುತ್ತದೆಂದು ತಿಳಿದುಬಂದು, 2014ರಲ್ಲಿ ಯುರೋಪಿನಾದ್ಯಂತ ಅದರ ಬಳಕೆಗೆ ಬಿಗಿ ನಿರ್ಬಂಧ ಬಿತ್ತು. 2017ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಕಾರ್ಯವಿಧಾನದಲ್ಲಿ ಗೆದ್ದ ಪಕ್ಷ ವಸ್ತುವಿನಲ್ಲಿ ಸೋತಿತು. ನ್ಯಾಯಾಲಯಕ್ಕೆ ಹೋಗುವ ಶಕ್ತಿ ಇದ್ದದ್ದು ಕಂಪನಿಗೆ, −3.5ರ ತನಕ ಕಾಯಬೇಕೆಂದು ಹೇಳಿಸಿಕೊಂಡ ಅಜ್ಜಿಗಲ್ಲ.

ಈ ಲೆಕ್ಕಗಳಲ್ಲಿ ಏನನ್ನು ಎಣಿಸುವುದಿಲ್ಲ ಎಂಬುದಕ್ಕೆ ಬರಬೇಕು. ನೈಸ್ ಖರ್ಚೆಂದು ಪರಿಗಣಿಸುವುದು ಎನ್‌ಎಚ್‌ಎಸ್ ಮತ್ತು ಸರ್ಕಾರಿ ಸಾಮಾಜಿಕ ಸೇವೆಗಳ ಖರ್ಚನ್ನು. ಸೊಂಟ ಮುರಿದ ಅತ್ತೆಯನ್ನು ನೋಡಿಕೊಳ್ಳಲು ಕೆಲಸದ ಅವಧಿ ಅರ್ಧಕ್ಕಿಳಿಸಿಕೊಂಡ ಸೊಸೆಯ ಸಂಬಳ ಅದರಲ್ಲಿಲ್ಲ. ರಾತ್ರಿ ಮೂರು ಸಲ ಎದ್ದು ಬೆಡ್‌ಪ್ಯಾನ್ ಇಡುವ ಮಗಳ ನಿದ್ದೆಗೆ ದರವಿಲ್ಲ. ಆರೈಕೆ ಮಾಡುವವರ ಆರೋಗ್ಯ ಕೆಟ್ಟರೆ ಅದನ್ನು ಸೇರಿಸಬಹುದೆಂಬ ಅವಕಾಶ ನಿಯಮದಲ್ಲಿದೆ. ಅಂದರೆ ಮಗಳು ತಾನೇ ರೋಗಿಯಾದರೆ ಲೆಕ್ಕಕ್ಕೆ ಬಂದಾಳು! ಸೊಂಟ ಮುರಿದವರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರು ಮೊದಲಿನಂತೆ ನಡೆಯುವುದಿಲ್ಲ. ಅವರ ಉಳಿದ ಬದುಕನ್ನು ಹೊರುವುದು ಬಹುಮಟ್ಟಿಗೆ ಸಂಬಳವಿಲ್ಲದ ಹೆಂಗಸರು. ಈ ದುಡಿಮೆಯನ್ನು ಸೊನ್ನೆ ಎಂದು ಬರೆದಾಗ ಮುರಿತ ಅಗ್ಗವಾಗುತ್ತದೆ. ಮುರಿತ ಅಗ್ಗವಾದಷ್ಟೂ ಅದನ್ನು ತಡೆಯುವುದು ದುಬಾರಿಯಾಗಿ ತೋರುತ್ತದೆ. ಇನ್ನೊಂದು, ಭವಿಷ್ಯದ ಲಾಭವನ್ನು ವರ್ಷಕ್ಕೆ ಶೇ. 3.5ರ ದರದಲ್ಲಿ ಇಳಿಸಿ ಲೆಕ್ಕ ಹಾಕುವ ಪದ್ಧತಿ. ಹತ್ತು ವರ್ಷದ ನಂತರ ತಪ್ಪಿದ ಮುರಿತಕ್ಕೆ ಇಂದಿನ ಲೆಕ್ಕದಲ್ಲಿ ಸುಮಾರು 71 ಪೈಸೆಯ ಬೆಲೆ. ತಡೆಯುವ ಚಿಕಿತ್ಸೆಯೆಲ್ಲ ಈ ಜರಡಿಯಲ್ಲಿ ಸೊರಗುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕ್ವಾಲಿ ಮುದುಕರ ವಿರುದ್ಧ ಎಂಬ ದೂರು ಈ ರೋಗದ ಮಟ್ಟಿಗೆ ಅಷ್ಟಾಗಿ ನಿಲ್ಲುವುದಿಲ್ಲ. ವಯಸ್ಸಾದಂತೆ ಮುರಿತದ ಸಂಭವ ಎಷ್ಟು ಏರುತ್ತದೆಂದರೆ, 80ರ ಅಜ್ಜಿಗೆ ಕೊಟ್ಟ ಮಾತ್ರೆ 60ರ ಮಹಿಳೆಗೆ ಕೊಟ್ಟದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಲೆಕ್ಕ ಅಜ್ಜಿಯ ಪರವಾಗಿದೆ. ‘ಇಷ್ಟು ವಯಸ್ಸಾದ ಮೇಲೆ ಇನ್ನೇನು ಮಾತ್ರೆ’ ಎಂದು ಆಕೆಯನ್ನು ಬಿಟ್ಟುಬಿಡುವುದು ಲೆಕ್ಕವಲ್ಲ. ವೈದ್ಯರು, ಮನೆಯವರು, ಬಹಳ ಸಲ ಆಕೆಯೇ.

ಕರ್ನಾಟಕದ ಕಡೆ ತಿರುಗಿದರೆ ಪ್ರಶ್ನೆ ಇನ್ನೂ ಒರಟಾಗುತ್ತದೆ. ಭಾರತದಲ್ಲಿ ಆರೋಗ್ಯ ತಂತ್ರಜ್ಞಾನದ ಮೌಲ್ಯಮಾಪನಕ್ಕೆ 2017ರಲ್ಲಿ ಒಂದು ವ್ಯವಸ್ಥೆ ಹುಟ್ಟಿದೆ. ಅದು ಬಳಸುವ ಮಿತಿ ತಲಾ ಜಿಡಿಪಿಯ ಒಂದು ಪಟ್ಟು. ಆದರೆ ಸರ್ಕಾರದ ವಿಮೆಯ ಸ್ವರೂಪವೇ ಬೇರೆ ಕತೆ ಹೇಳುತ್ತದೆ. ಆಯುಷ್ಮಾನ್ ಭಾರತ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಯೋಜನೆ. 2024ರ ಅಕ್ಟೋಬರಿನಲ್ಲಿ ಅದನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ಸೊಂಟ ಮುರಿದ ಮೇಲಿನ ಶಸ್ತ್ರಚಿಕಿತ್ಸೆಗೆ ಅದರಲ್ಲಿ ಜಾಗವಿದೆ. ಮುರಿಯದಂತೆ ವಾರಕ್ಕೊಂದು ನುಂಗುವ ಹೊರರೋಗಿಯ ಮಾತ್ರೆಗೆ ಇಲ್ಲ. ಕೊಟ್ಟಿಗೆಗೆ ಬಾಗಿಲಿಡಲು ಅನುದಾನವಿಲ್ಲ, ದನ ಕಳೆದುಹೋದ ಮೇಲೆ ಹುಡುಕಲು ಇದೆ. ಜೆನೆರಿಕ್ ಔಷಧಗಳ ಕಣಜವೆನಿಸಿದ ದೇಶದಲ್ಲಿ ಈ ಲೆಕ್ಕವನ್ನು ನ್ಯೂಜೆರ್ಸಿಯ ಡಾಲರಿನಲ್ಲಿ ಮಾಡಬೇಕಾಗಿಲ್ಲ. ಬೇಕಾದದ್ದು ಇಲ್ಲಿಯ ಬೆಲೆ, ಇಲ್ಲಿಯ ಮುರಿತದ ಪ್ರಮಾಣ, ಇಲ್ಲಿಯ ಆರೈಕೆಯ ಖರ್ಚು. ಆ ಮುರಿತದ ಪ್ರಮಾಣವೇ ಸಾಕಷ್ಟಿಲ್ಲದ್ದರಿಂದ, ಫ್ರಾಕ್ಸ್‌ನ ಭಾರತೀಯ ಮಾದರಿಯನ್ನು ಕಟ್ಟುವಾಗ ಸಿಂಗಪುರದಲ್ಲಿ ನೆಲೆಸಿದ ಭಾರತೀಯರ ಸೊಂಟ ಮುರಿತದ ಅಂಕಿಗಳನ್ನು ಎರವಲು ಪಡೆದು, ಭಾರತದ ಮರಣದರದೊಂದಿಗೆ ಜೋಡಿಸಲಾಯಿತು. ವಲಸೆ ಹೋದವರ ಮೂಳೆ ಊರಿನಲ್ಲುಳಿದವರ ಮೂಳೆಗೆ ಸಾಕ್ಷಿ ನುಡಿಯುತ್ತಿದೆ. ವಲಸಿಗರು ತಾಯ್ನಾಡಿಗೆ ಕಳಿಸಿದ ಕೊಡುಗೆಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸಿದಂತಿಲ್ಲ.

ಎರಡು ದೇಶಗಳ ನಡುವೆ ಓಡಾಡುವ ತಂದೆತಾಯಿಗಳ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕು. ನಡುವೆ ನಿಲ್ಲಿಸಿದರೆ ಗಳಿಸಿದ ಸಾಂದ್ರತೆ ಬೇಗ ಕರಗಿ, ಕೆಲವರಲ್ಲಿ ಬೆನ್ನುಮೂಳೆಯ ಹಲವು ಕಟ್ಟುಗಳು ಒಟ್ಟಿಗೆ ಕುಸಿಯುತ್ತವೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇರುವ ಅಜ್ಜಿಗೆ, ವಿಮೆ ಒಂದೇ ದೇಶದ್ದಾಗಿದ್ದರೆ, ತಪ್ಪಿದ ಒಂದು ಡೋಸ್ ದೊಡ್ಡ ಅಪಾಯ. ಯಾವ ಕ್ವಾಲಿ ಮಾದರಿಯಲ್ಲೂ ವಿಮಾನದ ಟಿಕೆಟ್ ಇಲ್ಲ, ವೀಸಾ ಅವಧಿ ಇಲ್ಲ. ಇಂಥವರಿಗೆ ಅಗ್ಗದ ಹಳೆಯ ಮಾತ್ರೆಯೋ ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಜೊಲೆಂಡ್ರೊನೇಟೋ ಹೆಚ್ಚು ಒಪ್ಪೀತು. ಅದನ್ನು ವೈದ್ಯರಿಗೆ ಹೇಳಬೇಕಾದವರು ಮಕ್ಕಳು.

ಬ್ರಿಟನ್ನಿನ ಗೆರೆಯಾದರೂ ವಿಜ್ಞಾನದ ನೆಲೆಯಲ್ಲಿ ಭದ್ರವಾಗಿದೆ ಎಂದುಕೊಂಡವರಿಗೆ 2025ರ ಡಿಸೆಂಬರ್ ಪಾಠ ಕಲಿಸಿತು. ಅಮೆರಿಕದೊಂದಿಗಿನ ಔಷಧ ವ್ಯಾಪಾರದ ಒಪ್ಪಂದದ ಭಾಗವಾಗಿ, ನೈಸ್‌ನ ಮಿತಿಯನ್ನು 20,000–30,000ದಿಂದ 25,000–35,000 ಪೌಂಡಿಗೆ ಏರಿಸುವುದಾಗಿ ಬ್ರಿಟಿಷ್ ಸರ್ಕಾರ ಪ್ರಕಟಿಸಿತು. ದಶಕಗಳಿಂದ ರೋಗಿಗಳು, ವೈದ್ಯರು, ಅರ್ಥಶಾಸ್ತ್ರಜ್ಞರು ಚರ್ಚಿಸಿಯೂ ಕದಲದ ಗೆರೆ ಸುಂಕದ ಬೆದರಿಕೆಗೆ ಕದಲಿತು. ಹೊಸ, ದುಬಾರಿ ಔಷಧಗಳಿಗೆ ಇದರಿಂದ ದಾರಿ ಸುಲಭವಾದೀತು. ಆ ಹಣ ಬರಬೇಕಾದದ್ದು ಅದೇ ಎನ್‌ಎಚ್‌ಎಸ್ ಚೀಲದಿಂದ. ಮುರಿತವಾಗಿ ಬಂದ ಪ್ರತಿಯೊಬ್ಬರನ್ನೂ ಗುರುತಿಸಿ, ಮತ್ತೊಂದು ಮುರಿತವಾಗದಂತೆ ಅಗ್ಗದ ಮಾತ್ರೆಗೆ ಹಚ್ಚುವ ಸೇವೆ 1999ರಲ್ಲಿ ಗ್ಲಾಸ್ಗೊದಲ್ಲಿ ಶುರುವಾಯಿತು. ಅದು ಇಂಗ್ಲೆಂಡಿನ ಎಲ್ಲ ಕಡೆ ಇನ್ನೂ ತಲುಪಿಲ್ಲ, 2030ರೊಳಗೆ ತಲುಪಿಸುತ್ತೇವೆಂಬುದು ಈಗಿನ ಸರ್ಕಾರದ ಭರವಸೆ. ಒಬ್ಬ ನರ್ಸ್, ಒಂದು ಪಟ್ಟಿ, ಒಂದು ದೂರವಾಣಿ: ಅದಕ್ಕಾಗಿ ಯಾವ ದೇಶವೂ ಸುಂಕದ ಬೆದರಿಕೆ ಒಡ್ಡುವುದಿಲ್ಲ.

ಶಿವಮೊಗ್ಗದ ಮೇಡಂ ಈ ಚಳಿಗಾಲ ಊರಿಗೆ ಹೋಗುತ್ತಾರೆ ಎಂದುಕೊಂಡರೆ, ಸ್ಕ್ಯಾನಿನ ವರದಿ ಅವರ ಕೈಚೀಲದಲ್ಲಿರುತ್ತದೆ. ಅಲ್ಲಿಯ ವೈದ್ಯರು ಭಾರತದ ಆವೃತ್ತಿ ತೆರೆದು ಅದೇ ಉತ್ತರಗಳನ್ನು ಮತ್ತೆ ತುಂಬಿದರೆ, ಸಿಂಗಪುರದ ಯಾರದೋ ಮೂಳೆಗಳ ಮೂಲಕ ಹಾದು ಬೇರೊಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನು ಅವರು ಯಾವ ಗೆರೆಯ ಪಕ್ಕದಲ್ಲಿಟ್ಟು ನೋಡುತ್ತಾರೆ, ಮತ್ತು ಆ ಗೆರೆಯನ್ನು ಯಾವ ಬೆಲೆಗೆ ಎಳೆದದ್ದೆಂದು ಮೇಡಂ ಅವರಿಗೆ ಹೇಳುತ್ತಾರೆಯೇ ಎಂಬುದನ್ನು ಮಗಳು ಫೋನಿನಲ್ಲಿ ಕೇಳಬಹುದು. ಬಚ್ಚಲಿಗೆ ಹಿಡಿಕೆ ಹಾಕಿಸಿಯಾಯಿತೇ ಎಂದೂ.